ಹಡಗಿಗೆ ಒಂದು ದಿನ ಮೊದಲು

ಬಸ್ಸು ತಪ್ಪಿದರೆ ಅರ್ಧ ಗಂಟೆಗೆ ಇನ್ನೊಂದು ಬಸ್ಸು. ರೈಲು ತಪ್ಪಿದರೆ ಸಂಜೆಗೋ ಮರುದಿನಕ್ಕೋ ಮತ್ತೊಂದು ರೈಲು. ಹಡಗಿನ ವಿಚಾರ ಹಾಗಲ್ಲ. ಅದು ಹೊರಟಿತೆಂದರೆ ಹೊರಟಿತು. ದಡದಲ್ಲಿ ನಿಂತು ನಾವು ಕೈ ಬೀಸಿದರೆ, ಯಾರನ್ನೋ ಬೀಳ್ಕೊಡಲು ಬಂದವರೆಂದು ತಿಳಿದು ಮೇಲಿನವರೂ ಕೈ ಬೀಸುತ್ತಾರೆ, ಅಷ್ಟೆ.

ಇದಕ್ಕೆ ಕಾರಣವೂ ಇದೆ. ದೊಡ್ಡ ಹಡಗು ತನ್ನ ಮನಸ್ಸಿಗೆ ಬಂದಂತೆ ಬಂದರು ಬಿಡುವಂತಿಲ್ಲ. ಸಮುದ್ರದ ತಳ ತೋಡಿ ಆಳ ಮಾಡಿಟ್ಟ ಕಾಲುವೆಯಲ್ಲೇ ಅದು ಸಾಗಬೇಕು. ಆ ಕಾಲುವೆಯ ಗುರುತು ಬಲ್ಲ ಪೈಲಟ್ ಹಡಗು ಹತ್ತಿ ದಾರಿ ತೋರಿಸಬೇಕು. ಎದುರಿನಿಂದ ಬರುವ ಹಡಗಿನ ವೇಳೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಹೊಂದಿಕೆಯಾದ ಮೇಲೆ, ರಾಯಚೂರಿನ ಒಂದು ಸಂಸಾರ ಆಟೋದಲ್ಲಿ ಸಿಕ್ಕಿಕೊಂಡಿದೆಯೆಂದು ಯಾರೂ ಅದನ್ನು ತಡೆದು ನಿಲ್ಲಿಸುವುದಿಲ್ಲ.

ಆದ್ದರಿಂದ, ಕಳೆದ ಏಪ್ರಿಲ್ ರಜೆಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿಬರುವುದೆಂದು ಮನೆಯಲ್ಲಿ ತೀರ್ಮಾನವಾದಾಗ ನಾನು ಹಾಕಿದ್ದು ಒಂದೇ ಕರಾರು: ಹಡಗು ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ನಾವು ಕೊಚ್ಚಿಯಲ್ಲಿರಬೇಕು. ಅಣ್ಣನಿಗೆ ಇದು ಸರಿಬರಲಿಲ್ಲ. ‘ಒಂದು ದಿನ ಮೊದಲ ಹೋಗಿ ಏನ್ ಮಾಡ್ತೀ? ಎರಡು ಖೋಲಿ ಬಾಡಿಗಿ, ಆರು ಮಂದಿ ಊಟ. ಸುಮ್ನ ದಂಡ’ ಎಂದ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವನ ಲೆಕ್ಕ ಅದು. ನನ್ನದು ಗಡಿಯಾರದ ಲೆಕ್ಕ. ಆದರೆ ಆ ಒಂದು ದಿನ ಉಪಯೋಗಕ್ಕೆ ಬಂದದ್ದು ನಾವಿಬ್ಬರೂ ಲೆಕ್ಕಕ್ಕೆ ಹಿಡಿಯದಿದ್ದ ವಿಷಯಕ್ಕೆ.

ಆರು ಮಂದಿಯೆಂದರೆ ಅಣ್ಣ, ಅತ್ತಿಗೆ, ನಾನು, ನನ್ನಾಕೆ, ಕಾಲೇಜು ಓದುವ ಮಗಳು ಮತ್ತು ಅವ್ವ. ಅವ್ವನಿಗೆ 78 ವರ್ಷ. ಈ ಪ್ರವಾಸಕ್ಕೆ ಮೂಲವೇ ಅವಳು. ‘ಸಮುದ್ರದ ನಡುವ ಹೋದರ ಸುತ್ತಲೂ ದಂಡಿನ ಕಾಣಂಗಿಲ್ಲಂತ, ಖರೇನಾ?’ ಎಂದು ಮೊಮ್ಮಗಳನ್ನು ಕೇಳಿದ್ದಳು. ಕೃಷ್ಣೆ ತುಂಗಭದ್ರೆಯರ ನಡುವೆ ಬಾಳಿದವಳು ದಂಡೆಯಿಲ್ಲದ ನೀರು ನೋಡಿರಲಿಲ್ಲ.

ರೈಲು ಕೊಯಮತ್ತೂರು ದಾಟಿ ಪಾಲಕ್ಕಾಡಿನ ಕಡೆ ತಿರುಗಿದಾಗ ಗಾಳಿಯೇ ಬದಲಾಗುತ್ತದೆ. ಪಶ್ಚಿಮ ಘಟ್ಟಗಳ ಸಾಲಿನಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಅಗಲದ ಕಂಡಿ ಅದು. ಆಚೆ ಬಯಲುಸೀಮೆಯ ಒಣಹವೆ, ಈಚೆ ತೆಂಗಿನ ಸಾಲು, ಒದ್ದೆ ನೆಲ. ಎರ್ನಾಕುಲಂನಲ್ಲಿ ಇಳಿದಾಗ ಬೆಳಗಿನ ಎಂಟು. ಅಲ್ಲಿಂದ ಹೈಕೋರ್ಟ್ ಜೆಟ್ಟಿಗೆ ಹೋಗಿ ವಾಟರ್ ಮೆಟ್ರೋ ದೋಣಿ ಹಿಡಿದು ಫೋರ್ಟ್ ಕೊಚ್ಚಿಗೆ ಬಂದೆವು. 2023ರ ಏಪ್ರಿಲ್‌ನಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ನನಗೆ ಮೆಚ್ಚಿಗೆಯಾದದ್ದು ಅದರ ಕಟ್ಟೆ. ಅದೂ ನೀರಿನ ಮೇಲೆ ತೇಲುತ್ತದೆ. ಉಬ್ಬರವಿರಲಿ ಇಳಿತವಿರಲಿ, ಕಟ್ಟೆಯೂ ದೋಣಿಯೂ ಕೂಡಿಯೇ ಏರುತ್ತವೆ, ಕೂಡಿಯೇ ಇಳಿಯುತ್ತವೆ. ಅವ್ವ ಹೊಸ್ತಿಲು ದಾಟಿದಷ್ಟು ಸಲೀಸಾಗಿ ದೋಣಿಯೊಳಗೆ ಕಾಲಿಟ್ಟಳು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಿಂದಿನ ದಿನ ರಾಯಚೂರಿನಲ್ಲಿ 41 ಡಿಗ್ರಿ. ಕೊಚ್ಚಿಯಲ್ಲಿ ಆ ಮಧ್ಯಾಹ್ನ 33. ‘ತಂಪು ಊರಿಗೆ ಬಂದ್ವಿ’ ಎಂದ ಅಣ್ಣನ ಅಂಗಿ ಅರ್ಧ ಗಂಟೆಯಲ್ಲಿ ಬೆನ್ನಿಗೆ ಅಂಟಿತ್ತು. ‘ಈ ಊರಾಗ ಕೂಲರ್ ಇಟ್ಟಿಲ್ಲೇನು?’ ಎಂದು ಅತ್ತಿಗೆ ಲಾಡ್ಜಿನ ಹುಡುಗನನ್ನು ಕೇಳಿದರು. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದರೂ ಪ್ರಯೋಜನವಿರಲಿಲ್ಲ. ಹುಲ್ಲಿನ ಪದರಕ್ಕೆ ನೀರು ಹನಿಸುವ ನಮ್ಮ ಕೂಲರ್ ಕೆಲಸ ಮಾಡುವುದು ಒಣಗಾಳಿಯಲ್ಲಿ ಮಾತ್ರ. ನಮ್ಮ ಮಣ್ಣಿನ ಗಡಿಗೆಯ ನೀರು ಬೇಸಿಗೆಯಲ್ಲಿ ತಣ್ಣಗಾಗುವುದೂ ಅದೇ ಕಾರಣಕ್ಕೆ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ.

ನಮ್ಮ ದೇಹವೂ ಒಂದು ಗಡಿಗೆಯೇ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖ ಹೊರಹೋಗುತ್ತದೆ. ಆದರೆ ಆವಿಯಾಗಬೇಕು, ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಲಾಭವಿಲ್ಲ. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಗಾಳಿಯ ಆರ್ದ್ರತೆ ನೂರಕ್ಕೆ 20-25ಕ್ಕೆ ಇಳಿಯುತ್ತದೆ. ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಕೊಚ್ಚಿಯಂಥ ಬಂದರಿನಲ್ಲಿ ಅದು 60-70ರ ಆಸುಪಾಸು. ಗಾಳಿ ಮೊದಲೇ ನೀರು ಕುಡಿದು ಕೂತಿದೆ, ನಮ್ಮ ಬೆವರು ಅದಕ್ಕೆ ಬೇಡ. ದೇಹ ಮಾತ್ರ ಬಿಡದೆ ಬೆವರು ಹರಿಸುತ್ತಲೇ ಇರುತ್ತದೆ. ನೀರು, ಉಪ್ಪು ಎರಡೂ ಖರ್ಚು. ತಂಪಿನ ಜಮೆ ಕಡಿಮೆ.

ಉಳಿದವರು ಸುಧಾರಿಸಿಕೊಳ್ಳುತ್ತಿದ್ದಾಗ ನಾನು ಮತ್ತು ಮಗಳು ಹತ್ತಿರದ ಸೇಂಟ್ ಫ್ರಾನ್ಸಿಸ್ ಚರ್ಚು ನೋಡಿಬಂದೆವು. ವಾಸ್ಕೊ ಡ ಗಾಮ 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡಾಗ ಅವನನ್ನು ಹೂಳಿದ್ದು ಇಲ್ಲಿ. ಆಮೇಲೆ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಗುರುತಿನ ಕಲ್ಲು ಉಳಿದಿದೆ. ನನ್ನ ಕಣ್ಣು ಹೋದದ್ದು ಮೇಲಕ್ಕೆ. ಅಲ್ಲಿ ಉದ್ದನೆಯ ಬಟ್ಟೆಯ ಪಂಖಗಳು ತೂಗುತ್ತಿವೆ. ಹಿಂದೆ ಆಳುಗಳು ಹೊರಗೆ ಕುಳಿತು ಹಗ್ಗ ಎಳೆದರೆ ಒಳಗಿನವರಿಗೆ ಗಾಳಿ. ಪಂಖ ಗಾಳಿಯನ್ನು ತಂಪು ಮಾಡುವುದಿಲ್ಲ. ಮೈಗೆ ಅಂಟಿ ನಿಂತ ಒದ್ದೆ ಗಾಳಿಯನ್ನು ಸರಿಸಿ ಬೇರೆ ಗಾಳಿಗೆ ಜಾಗ ಮಾಡುತ್ತದೆ. ಒಳಗಿನವರ ಬೆವರು ಆರಲು ಹೊರಗಿನವನು ಬೆವರು ಸುರಿಸಬೇಕಿತ್ತು ಎಂದಳು ಮಗಳು. ನಾನು ಸುಮ್ಮನಾದೆ.

ನಾವು ಮರಳಿ ಊಟ ಮುಗಿಸಿ ಮೂರು ಗಂಟೆಯ ಹೊತ್ತಿಗೆ, ಮಂಚದ ತುದಿಗೆ ಕುಳಿತಿದ್ದ ಅವ್ವ ಏಳಲು ಹೋಗಿ ಹಾಗೆಯೇ ಗೋಡೆ ಹಿಡಿದಳು. ಮುಖ ಬಿಳಿಚಿತ್ತು. ಮಾತಾಡಿಸಿದರೆ ಉತ್ತರ ತಡವಾಗಿ ಬರುತ್ತಿತ್ತು. ಅಣ್ಣ ಮತ್ತು ನಾನು ಎರಡು ಕಡೆ ಹಿಡಿದು ಅದೇ ಬೀದಿಯ ದವಾಖಾನೆಗೆ ಕರೆದೊಯ್ದೆವು. ವೈದ್ಯೆ ಐವತ್ತರ ಹೆಂಗಸು. ರಕ್ತದೊತ್ತಡ ನೋಡಿ, ನಾಲಿಗೆ ನೋಡಿ, ಕೇಳಿದ ಮೊದಲ ಪ್ರಶ್ನೆ: ‘ಪ್ರಯಾಣದಲ್ಲಿ ಇವರು ಎಷ್ಟು ನೀರು ಕುಡಿದರು?’

ನಾನು ಕನ್ನಡದಲ್ಲಿ ಕೇಳಿದೆ. ಅವ್ವ ಮುಖ ಆಚೆ ತಿರುಗಿಸಿದಳು. ‘ಎಲ್ಲಿ ಕುಡೀಲೋ ಯಪ್ಪಾ? ನೀರು ಕುಡದ್ರ ಆ ಅಲ್ಲಾಡೋ ಪಾಯಖಾನಿಗೆ ಹೋಗ್ಬೇಕಲ್ಲ. ಮೊಣಕಾಲು ಮಡಚಂಗಿಲ್ಲ, ಹಿಡಕೊಳ್ಳಾಕ ಏನಿಲ್ಲ.’

ನಾವು ಕೊಟ್ಟ ಬಾಟಲಿಯಿಂದ ತುಟಿ ಒದ್ದೆ ಮಾಡಿಕೊಂಡು ಒಂದು ಹಗಲು ಒಂದು ರಾತ್ರಿ ಕಳೆದಿದ್ದಾಳೆ. ನಮ್ಮ ದೇಶದಲ್ಲಿ ಎಷ್ಟು ಮಂದಿ ಹೆಂಗಸರು ಹೀಗೆ ಬಾಯಾರಿಕೆ ಕಟ್ಟಿಕೊಂಡು ಪ್ರಯಾಣ ಮಾಡುತ್ತಾರೋ! ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಮೇಲಾಗಿ ಅವ್ವ ರಕ್ತದೊತ್ತಡಕ್ಕೆಂದು ನುಂಗುವ ಗುಳಿಗೆ ಮೈಯ ನೀರು ಇಳಿಸುವಂಥದ್ದು. ಇಷ್ಟೂ ಕೂಡಿದ ಮೇಲೆ ಕೊಚ್ಚಿಯ ಸೆಖೆ.

ವೈದ್ಯೆ ಗುಳಿಗೆಯ ವಿಚಾರದಲ್ಲಿ ಹೇಳಬೇಕಾದ್ದನ್ನು ಹೇಳಿ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದಂತೆ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಲು ತಿಳಿಸಿದರು. ಉಪ್ಪಿನ ಜೊತೆ ಸಕ್ಕರೆ ಏಕೆಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಕರುಳಿನ ಗೋಡೆ ಗ್ಲೂಕೋಸನ್ನು ಒಳಗೆ ತೆಗೆದುಕೊಳ್ಳುವಾಗ ಸೋಡಿಯಂ ಅನ್ನೂ ಕೈಹಿಡಿದು ಕರೆದೊಯ್ಯುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ.

‘ಇವತ್ತೇ ಹಡಗು ಹತ್ತುವವರಿದ್ದರೆ ಬೇಡ ಎನ್ನುತ್ತಿದ್ದೆ. ನಾಳೆ ಅಲ್ಲವೇ? ಬೆಳಿಗ್ಗೆ ಕರೆತನ್ನಿ, ನೋಡಿ ಹೇಳುತ್ತೇನೆ’ ಎಂದರು ವೈದ್ಯೆ. ಅಣ್ಣ ನನ್ನ ಕಡೆ ನೋಡಿದ. ಖೋಲಿ ಬಾಡಿಗೆಯ ಮಾತು ಆಮೇಲೆ ಅವನು ಎತ್ತಲಿಲ್ಲ. ಲಕ್ಷದ್ವೀಪದ ದ್ವೀಪಗಳು ಕೊಚ್ಚಿಯಿಂದ 220ರಿಂದ 440 ಕಿಲೋಮೀಟರ್ ದೂರ. ಹಡಗಿಗೆ ಒಂದು ರಾತ್ರಿಯ ದಾರಿ. ಇದೇ ತಲೆಸುತ್ತು ಆ ನಡುದಾರಿಯಲ್ಲಿ ಬಂದಿದ್ದರೆ ಎಂಬ ಯೋಚನೆ ಇಬ್ಬರ ತಲೆಯಲ್ಲೂ ಇತ್ತು.

ಸಂಜೆ ಸಮುದ್ರದ ಗಾಳಿ ಬೀಸತೊಡಗಿದಾಗ ಅವ್ವನನ್ನು ದಡದ ಮರದ ಕೆಳಗಿನ ಬೆಂಚಿಗೆ ಕರೆತಂದೆವು. ಹಗಲು ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಎದುರಿಗೆ ಚೀನಾ ಬಲೆಗಳು. ಬಲೆ ಕಟ್ಟಿದ ಉದ್ದನೆಯ ಕಂಬಗಳು ಒಂದು ತುದಿಗೆ, ಹಗ್ಗಕ್ಕೆ ತೂಗುಬಿಟ್ಟ ದೊಡ್ಡ ಕಲ್ಲುಗಳು ಇನ್ನೊಂದು ತುದಿಗೆ, ನಡುವೆ ಆನಿಕೆ. ಅವ್ವ ನೋಡಿದವಳೇ ‘ನಮ್ಮ ಏತ ಇದ್ದಂಗ ಅದ’ ಎಂದಳು. ಸನ್ನೆಗೋಲಿನ ಪಾಠ ನಾನು ಹೇಳಬೇಕಾಗಲಿಲ್ಲ.

ಬೆಂಚಿನ ಇನ್ನೊಂದು ತುದಿಗೆ ಕುಳಿತಿದ್ದ ಹಿರಿಯರು ನಮ್ಮ ಮಾತು ಕೇಳಿ ನಕ್ಕು, ಕನ್ನಡದಲ್ಲೇ ಯಾವ ಊರೆಂದು ವಿಚಾರಿಸಿದರು. ಅವರು ಅಮಿನಿ ದ್ವೀಪದವರು. ಕಣ್ಣಿನ ಚಿಕಿತ್ಸೆಗೆ ಬಂದು ಊರಿಗೆ ಮರಳುವ ಹಡಗಿಗೆ ಕಾಯುತ್ತಿದ್ದರು. ಕನ್ನಡ ಕಲಿತದ್ದು ಮಂಗಳೂರಿನ ಹಳೆ ಬಂದರಿನಲ್ಲಂತೆ. ಅದರಲ್ಲಿ ಸೋಜಿಗವೇನಿಲ್ಲ. ಅಮಿನಿ, ಕಡಮತ್ತು, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ, ಇಲ್ಲಿಯ ಅಕ್ಕಿ ಅಲ್ಲಿಗೆ ಹಾಯಿಹಡಗಿನಲ್ಲಿ ಹೋಗಿಬರುತ್ತಿತ್ತು.

ನಾಳೆ ಹಡಗಿಗೆ ಹೊರಟವರೆಂದು ತಿಳಿದು ಅವರು ಅವ್ವನ ಮೊಣಕಾಲು ನೋಡಿದರು. ದ್ವೀಪಗಳ ಸುತ್ತ ಹವಳದ ದಿಬ್ಬ, ಒಳಗೆ ನೀರಿನ ಆಳ ಕಡಿಮೆ. ದೊಡ್ಡ ಹಡಗು ಹೊರಗೇ ನಿಲ್ಲುವುದುಂಟು. ಆಗ ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ವಾಟರ್ ಮೆಟ್ರೋದ ಕಟ್ಟೆಯಂತೆ ಅಲ್ಲಿ ಎರಡೂ ಕೂಡಿ ಏರಿಳಿಯುವುದಿಲ್ಲ. ಭಾರದ ಹಡಗು ಸಣ್ಣ ಅಲೆಗೆ ಜಗ್ಗುವುದಿಲ್ಲ. ದೋಣಿ ಪ್ರತಿ ಅಲೆಗೂ ಕುಣಿಯುತ್ತದೆ.

‘ಅಮ್ಮಾ, ನೀರು ನೋಡಬೇಡಿ, ಹಿಡಿಯುವವರ ಕೈ ನೋಡಿ’ ಎಂದರು ಅವರು. ‘ದೋಣಿ ಪೂರ್ತಿ ಮೇಲೆ ಬಂದಾಗ ಕಾಲಿಡಿ. ಇಳಿಯುವಾಗ ಇಡಲೇಬಾರದು.’ ನನಗೆ ಮೇಲೆಸೆದ ಚೆಂಡು ನೆನಪಾಯಿತು. ಏರುವುದು ಮುಗಿದು ಇಳಿಯುವುದು ಶುರುವಾಗುವ ಮುನ್ನ ತುದಿಯಲ್ಲಿ ಅದಕ್ಕೆ ವೇಗವೇ ಇರುವುದಿಲ್ಲ. ಆ ಒಂದು ಗಳಿಗೆಯಲ್ಲಿ ದೋಣಿಯೂ ನೆಲದಷ್ಟೇ ಸ್ಥಿರ.

ರಾತ್ರಿ ಅವ್ವ ಮಲಗಿದಳೆಂದುಕೊಂಡು ನಾವು ವರಾಂಡದಲ್ಲಿ ಕೂತು ಚರ್ಚೆ ಮಾಡಿದೆವು. ‘ನಾನೂ ಅವ್ವನೂ ಇಲ್ಲೇ ಇರ್ತೀವಿ. ನೀವು ಹೋಗಿ ಬರ್ರಿ’ ಎಂದ ಅಣ್ಣ. ಅತ್ತಿಗೆ ತಾವಿರುತ್ತೇನೆಂದರು. ನನ್ನಾಕೆ ಎಲ್ಲರೂ ವಾಪಸು ಹೋಗೋಣವೆಂದಳು. ಹನ್ನೊಂದಾದರೂ ಬಗೆಹರಿಯಲಿಲ್ಲ.

ಬೆಳಿಗ್ಗೆ ಅವ್ವನ ಮುಖದಲ್ಲಿ ಕಳೆ ಮರಳಿತ್ತು. ವೈದ್ಯೆ ಪರೀಕ್ಷಿಸಿ, ನೀರು ತಪ್ಪಿಸದಿದ್ದರೆ ಹೋಗಬಹುದು ಎಂದರು. ಹೊರಗೆ ಬಂದ ಮೇಲೂ ನಾವು ನಾಲ್ವರು ಮತ್ತೆ ಅದೇ ಮಾತು ಎತ್ತಿದೆವು. ಅವ್ವ ತಡೆದಳು. ‘ರಾತ್ರಿ ಎಲ್ಲಾ ಕೇಳೇನಿ. ನಾ ಬರೂದು ಬಿಡೂದು ನನ್ನ ಕೇಳ್ರಲ್ಲ. ನೀರು ಕುಡೀತೀನಿ, ಮಾತು ಕೊಟ್ಟೆ. ಆ ಸಣ್ಣ ದೋಣಿ ಅಲ್ಲಿ ಹೋದ ಮ್ಯಾಲ ನೋಡಿ ಹೇಳ್ತೀನಿ. ಆಗದಿದ್ರ ಹಡಗಿನ್ಯಾಗ ಕುಂತು ನೀರು ನೋಡ್ತೀನಿ. ನಾ ಬಂದಿದ್ದ ಅದಕ್ಕ.’

ಹಡಗು ನಿಲ್ಲುವುದು ವಿಲಿಂಗ್ಡನ್ ದ್ವೀಪದಲ್ಲಿ. ಈ ದ್ವೀಪದ ಬಹುಭಾಗ ಮನುಷ್ಯ ಮಾಡಿದ್ದು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಕೊಚ್ಚಿಯ ಅಳಿವೆ ತೆರೆಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಅಳಿವೆಯ ಬಾಯಿಗೆ ಮರಳಿನ ದಿಬ್ಬ ಅಡ್ಡವಿದ್ದುದರಿಂದ ದೊಡ್ಡ ಹಡಗುಗಳು ಹೊರಗೇ ನಿಲ್ಲಬೇಕಿತ್ತು. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಬ್ಬ ಕಡಿಸಿ ಕಾಲುವೆ ತೋಡಿಸಿದರು. 1928ರ ಮೇ ತಿಂಗಳಲ್ಲಿ ‘ಪದ್ಮಾ’ ಎಂಬ ಹಡಗು ಒಳಬಂದರಿಗೆ ಬಂತು. ತೋಡಿದ ಮಣ್ಣನ್ನು ಒಟ್ಟಿ ಈ ನೆಲ ಮಾಡಿದರು. ನದಿಗಳು ಹೂಳು ತರುವುದನ್ನು ಬಿಟ್ಟಿಲ್ಲ. ಕಾಲುವೆಯನ್ನು ತೋಡುವುದೂ ಇಂದಿಗೂ ನಿಂತಿಲ್ಲ.

ಹಡಗು ಹೊರಟಾಗ ಎಡಕ್ಕೆ ಫೋರ್ಟ್ ಕೊಚ್ಚಿ, ಬಲಕ್ಕೆ ವೈಪಿನ್. ನಿನ್ನೆ ಕುಳಿತ ಬೆಂಚು ಎಲ್ಲಿಯೆಂದು ಮಗಳು ಹುಡುಕುತ್ತಿದ್ದಳು. ಕಾಲುವೆ ಮುಗಿದ ಮೇಲೆ ಒಂದು ಸಣ್ಣ ದೋಣಿ ಪಕ್ಕಕ್ಕೆ ಬಂತು. ದಾರಿ ತೋರಿಸಲು ಬಂದಿದ್ದ ಪೈಲಟ್ ಹಗ್ಗದ ಏಣಿಯಲ್ಲಿ ಇಳಿದು, ಕೊನೆಯ ಮೆಟ್ಟಿಲ ಮೇಲೆ ಒಂದು ಗಳಿಗೆ ತಡೆದರು. ದೋಣಿ ಒಮ್ಮೆ ಕೆಳಗಿಳಿದು ಮತ್ತೆ ಮೇಲೆದ್ದಿತು. ಅವರು ಕಾಲಿಟ್ಟರು.

‘ನೋಡು, ಮ್ಯಾಲ ಬಂದಾಗ ಇಳದ’ ಎಂದಳು ಅವ್ವ. ಆಮೇಲೆ ನೀರಿನ ಬಾಟಲಿಗೆ ತಾನೇ ಕೈ ಚಾಚಿದಳು.