ಕಲ್ಲಿನ ಸಂದಿಯ ಮನೆ

ಮೂಡಿಗೆರೆಯ ದೊಡ್ಡಪ್ಪನ ತೋಟದ ಕೆಳಗಿನ ಹಳ್ಳ ಹೇಮಾವತಿಗೆ ಸೇರುತ್ತೆ. ಚಿಕ್ಕವರಿದ್ದಾಗ ಕಾಲು ಇಳಿಬಿಟ್ಟರೆ ಸಾಕು, ಮೀನುಮರಿಗಳು ಕಚಗುಳಿ ಇಡ್ತಿದ್ದವು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ, ಮಲೆಮನೆ ಕಡೆ ಗುಡ್ಡ ಕುಸಿದಾಗ ನಮ್ಮ ಹಳ್ಳಕ್ಕೂ ಮಣ್ಣು ತುಂಬಿತು.

"ಮೀನೆಲ್ಲ ಕೊಚ್ಚಿಹೋದ್ವಾ ದೊಡ್ಡಪ್ಪ?"

"ನೀರಿಗೆ ಮೀನು ಹೆದರಲ್ಲ ಮಾರಾಯ. ಮುಂಗಾರಿನ ಕೆಂಪು ನೀರು ಬಂದ್ರೆ ತಾನೇ ಹತ್ತುಮೀನು ಹತ್ತೋದು? ಮನೆನೇ ಮುಚ್ಚಿಹೋದ್ರೆ ಏನ್ಮಾಡುತ್ತೆ?"

ಹೌದು, ಕಲ್ಲಿಗೆ ಅಂಟಿ ಪಾಚಿ ತಿನ್ನೋ ಮೀನಿಗೆ ಕಲ್ಲಿನ ಸಂದಿಯೇ ಮನೆ. ಎಷ್ಟೋ ಮೀನು ಮೊಟ್ಟೆ ಇಡೋದೂ ಅಲ್ಲೇ. ಹೂಳು ಕೂತರೆ ಮೊಟ್ಟೆಗೆ ಉಸಿರಿಲ್ಲ, ಮರಿಗೆ ಮೇವಿಲ್ಲ.

ಈ ಸಲ ದೊಡ್ಡಪ್ಪ ಕಾಡಿನಿಂದ ಇಳಿಯೋ ಪಕ್ಕದ ತೊರೆಗೆ ಕರ್ಕೊಂಡು ಹೋದರು. ಅಲ್ಲಿ ಗುಡ್ಡ ಜಾರಿಲ್ಲ, ನೀರು ತಿಳಿ. ಕಾಲಿಟ್ಟೆ. ಕಚಗುಳಿ! ನಡುವೆ ಅಡ್ಡ ಕಟ್ಟದಿದ್ದರೆ, ನಮ್ಮ ಹಳ್ಳಕ್ಕೆ ಮೀನು ಮರಳೋದು ಇಲ್ಲಿಂದಲೇ.