ಬೆಂಚಿನ ಬಂಡಿ ಬಂದ ಮನೆ

ಫಿಲಡೆಲ್ಫಿಯ ನಗರವನ್ನು ಹಿಂದೆ ಬಿಟ್ಟು ಪಶ್ಚಿಮಾಭಿಮುಖವಾಗಿ 60 ಮೈಲಿಗಳಷ್ಟು ಸಾಗಿದವರಿಗೆ, ಅಮೆರಿಕದ ಹೆದ್ದಾರಿಯಲ್ಲಿ ಯಾರೂ ನಿರೀಕ್ಷಿಸದ ಶಬ್ದವೊಂದು ಕಿವಿಗೆ ಬೀಳುತ್ತದೆ. ಅದು ಕುದುರೆಯ ಗೊರಸಿನ ಸಪ್ಪಳ. ಸಾಲುಗಟ್ಟಿ ಬಂದ ಮೋಟಾರುಗಳು ವೇಗವನ್ನು ತಗ್ಗಿಸುತ್ತವೆ. ಅವುಗಳ ಮುಂದೆ, ಯಾವ ಆತುರವೂ ಇಲ್ಲದೆ, ಬೂದುಬಣ್ಣದ ಮುಚ್ಚುಗಾಡಿಯೊಂದು ಸಾಗುತ್ತಿರುತ್ತದೆ. ಲಗಾಮು ಹಿಡಿದವನಿಗೆ ಗಡ್ಡವುಂಟು, ಮೀಸೆಯಿಲ್ಲ. ಪಕ್ಕದಲ್ಲಿ ಬಿಳಿಯ ಕುಲಾವಿ ಧರಿಸಿದ ಮಡದಿ. ಹಿಂದಿನ ಪೀಠದಲ್ಲಿ ಒಬ್ಬರ ಮೇಲೊಬ್ಬರು ಒರಗಿದ ಮಕ್ಕಳು. ಇದು ಪೆನ್ಸಿಲ್ವೇನಿಯ ಸಂಸ್ಥಾನದ ಲ್ಯಾಂಕಾಸ್ಟರ್ ಜಿಲ್ಲೆ. ಇಲ್ಲಿಯ ಒಂದು ಹಳ್ಳಿಯ ಹೆಸರು ಬರ್ಡ್-ಇನ್-ಹ್ಯಾಂಡ್, ಎಂದರೆ 'ಕೈಯಲ್ಲಿನ ಹಕ್ಕಿ'. ಇನ್ನೊಂದು ಹಳ್ಳಿಯ ಹೆಸರು ಪ್ಯಾರಡೈಸ್, ಸ್ವರ್ಗವೆಂದೇ! ಎರಡು ಮಗ್ಗುಲಿಗೂ ಮೆಕ್ಕೆಜೋಳದ ಹೊಲಗಳು, ಹಸುಗಳ ಮಂದೆ, ಬಿಳಿಯ ಬಣ್ಣದ ದೊಡ್ಡ ಮನೆಗಳು. ಯಾವ ಮನೆ ಯಾರದೆಂದು ಕೇಳಬೇಕಾಗಿಲ್ಲ. ವಿದ್ಯುತ್ತಿನ ತಂತಿ ಬಾರದ ಮನೆ ಇವರದು.

ಈ ಜನಕ್ಕೆ ಆಮಿಶ್ ಎಂದು ಹೆಸರು. ಕನ್ನಡದ ಕಿವಿಗೆ 'ಆಮಿಷ'ವೆಂದೇ ಕೇಳಿಸುವ ಈ ಹೆಸರು, ಲೋಕದ ಆಮಿಷಗಳನ್ನು ದೂರವಿಡಲು ಹೊರಟವರಿಗೆ ಅಂಟಿಕೊಂಡದ್ದು ವಿಧಿಯ ವಿನೋದವೇ ಸರಿ. ವಾಸ್ತವವಾಗಿ ಅದು 1693ರಲ್ಲಿ ಮೂಲ ಪಂಥದಿಂದ ಬೇರೆಯಾದ ಯಾಕೋಬ್ ಅಮ್ಮನ್ ಎಂಬ ಹಿರಿಯನ ಹೆಸರಿನಿಂದ ಬಂದುದು. ಮೂಲ ಪಂಥ ಹುಟ್ಟಿದ್ದು 1525ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ. ಹಸುಗೂಸಿಗೆ ಕೊಡುವ ದೀಕ್ಷಾಸ್ನಾನಕ್ಕೆ ಅರ್ಥವಿಲ್ಲ, ಬುದ್ಧಿ ಬಲಿತವನು ತಾನಾಗಿ ಬೇಡಿ ಅದನ್ನು ಪಡೆಯಬೇಕು ಎಂದು ಹೇಳಿದ್ದೇ ಅವರ ಅಪರಾಧವಾಯಿತು. ಆ ಒಂದು ಮಾತಿಗಾಗಿ ಅವರನ್ನು ನದಿಯಲ್ಲಿ ಮುಳುಗಿಸಿದರು, ಕಂಬಕ್ಕೆ ಕಟ್ಟಿ ಸುಟ್ಟರು. ಉಳಿದವರ ಸಂತತಿ 18ನೆಯ ಶತಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ, ಯಾವ ಮತದವರನ್ನೂ ಹಿಂಸಿಸೆನೆಂದು ವಿಲಿಯಂ ಪೆನ್ ಮಾತು ಕೊಟ್ಟಿದ್ದ ಈ ನೆಲಕ್ಕೆ ಬಂದು ನೆಲಸಿತು.

ಪ್ರಾಣ ತೆತ್ತು ಉಳಿಸಿಕೊಂಡ ಆ ಮಾತು ಇಂದಿಗೂ ಇಲ್ಲಿನ ಪ್ರತಿಯೊಂದು ಮನೆಯಲ್ಲಿ ಜೀವಂತವಾಗಿದೆ. ಮಗು ಆಮಿಶ್ ಆಗಿ ಹುಟ್ಟುವುದಿಲ್ಲ. ಹದಿನೆಂಟೋ ಇಪ್ಪತ್ತೋ ತುಂಬಿದಾಗ ತಾನೇ ನಿಂತು 'ಆಗುತ್ತೇನೆ' ಎನ್ನಬೇಕು, ಇಲ್ಲವೆ ಹೊರಟು ಹೋಗಬೇಕು. ಆರೇಳು ಮಕ್ಕಳನ್ನು ಹೆತ್ತ ತಾಯಿಗೆ ಆ ದಿನ ಆರೇಳು ಸಲ ಬರುತ್ತದೆ. ಈ ಜನದ ಶನಿವಾರ ಭಾನುವಾರಗಳನ್ನು ನೋಡುವಾಗ ಇದನ್ನು ಮರೆಯಲಾಗದು.

ಇವರಿಗೆ ದೇವಾಲಯದ ಕಟ್ಟಡವಿಲ್ಲ. 25ರಿಂದ 40 ಕುಟುಂಬಗಳು ಸೇರಿ ಒಂದು ಸಭೆ. ಒಂದು ಮನೆಯೊಳಗೆ ಕೂರಲಾಗದಷ್ಟು ಜನ ಹೆಚ್ಚಿದರೆಂದರೆ ಸಭೆ ಎರಡಾಗುತ್ತದೆ. ವಾರ ಬಿಟ್ಟು ವಾರ, ಸರದಿಯಂತೆ, ಒಬ್ಬೊಬ್ಬರ ಮನೆಯಲ್ಲಿ ಆರಾಧನೆ. ವರ್ಷಕ್ಕೊಮ್ಮೆ ಬರುವ ಈ ಸರದಿಗಾಗಿ ಮನೆ ಮದುವೆಯ ಮನೆಯಂತಾಗುತ್ತದೆ. ಹಲವು ವಾರಗಳ ಮೊದಲೇ ಗೋಡೆಗಳನ್ನು ತೊಳೆಯುವುದು, ಕಿಟಕಿಯ ಗಾಜನ್ನು ಉಜ್ಜುವುದು, ಕೊಟ್ಟಿಗೆಗೂ ಪೊರಕೆ ಆಡಿಸುವುದು. ಅಕ್ಕತಂಗಿಯರು, ಓರಗಿತ್ತಿಯರು ತಮ್ಮ ಮನೆಗೆಲಸ ಬಿಟ್ಟು ನೆರವಿಗೆ ಬರುತ್ತಾರೆ. ಅನಂತರ ಬರುವುದು ಬೆಂಚಿನ ಬಂಡಿ. ಬೆನ್ನಾಸರೆಯಿಲ್ಲದ ಉದ್ದನೆಯ ಬೆಂಚುಗಳು, ಪಾತ್ರೆಗಳು, ಕೀರ್ತನೆಯ ಪುಸ್ತಕಗಳು, ಎಲ್ಲವೂ ಆ ಒಂದು ಬಂಡಿಯಲ್ಲಿ ಅಡಕವಾಗಿರುತ್ತವೆ. ಒಂದು ಮನೆಯ ಆರಾಧನೆ ಮುಗಿದರೆ ಅದು ಮುಂದಿನ ಮನೆಗೆ ಹೊರಡುತ್ತದೆ. ಅದು ಅಂಗಳಕ್ಕೆ ಬಂದು ನಿಂತಾಗ ಮಕ್ಕಳಿಗೆ ಹಬ್ಬ. ಬೆಂಚಿನ ಒಂದು ತುದಿಯನ್ನು ಅಣ್ಣ, ಇನ್ನೊಂದು ತುದಿಯನ್ನು ತಮ್ಮ ಹಿಡಿದು ಒಳಗೆ ಸಾಗಿಸುತ್ತಾರೆ. ಆರು ವರ್ಷದ ಪುಟ್ಟಿಗೂ ಹೊರಲು ಪುಸ್ತಕಗಳುಂಟು. ಇಲ್ಲಿ ಮಕ್ಕಳಿಗೆಂದು ಬೇರೆ ಕಾರ್ಯಕ್ರಮವಿಲ್ಲ. ದೊಡ್ಡವರ ಕೆಲಸದಲ್ಲಿ ಚಿಕ್ಕ ಕೈಗೆ ಹೊಂದುವ ಪಾಲನ್ನು ಕೊಡುವುದೇ ಕಾರ್ಯಕ್ರಮ.

ತಂದೆಯೂ ಶನಿವಾರ ಮನೆಯಲ್ಲೇ ಇರುತ್ತಾನೆಂದು ತಿಳಿಯಬಾರದು. ಭೂಮಿಯ ಬೆಲೆ ಮುಗಿಲು ಮುಟ್ಟಿದ ಮೇಲೆ ಈ ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಆಮಿಶ್ ಕುಟುಂಬಗಳಿಗೆ ಬೇಸಾಯ ಮುಖ್ಯ ಜೀವನೋಪಾಯವಾಗಿ ಉಳಿದಿಲ್ಲ. ಕೆಲವರದು ಬಡಗಿಯ ಕೆಲಸ. ಕೆಲವರು ಫಿಲಡೆಲ್ಫಿಯದ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಯಂಥ ಕಡೆ ಅಂಗಡಿಯಿಟ್ಟಿದ್ದಾರೆ. ಮೋಟಾರನ್ನು ಹೊಂದುವುದು ನಿಷಿದ್ಧ, ಬಾಡಿಗೆ ಕೊಟ್ಟು ಅದರಲ್ಲಿ ಕೂರುವುದು ನಿಷಿದ್ಧವಲ್ಲ! ಶನಿವಾರದ ವ್ಯಾಪಾರ ಮುಗಿಸಿ, ಹೊರಗಿನವನೊಬ್ಬನ ವಾಹನದಲ್ಲಿ ಹಿಂದಿರುಗಿದವನು ಮತ್ತೆ ಸೋಮವಾರದವರೆಗೆ ಕೊಡುವ ಕೊಳ್ಳುವ ಮಾತನ್ನೆತ್ತುವುದಿಲ್ಲ. ಹೊಲದಂಚಿನ ತರಕಾರಿ ಕಟ್ಟೆಗಳಲ್ಲಿ 'ಭಾನುವಾರ ಮಾರಾಟವಿಲ್ಲ' ಎಂಬ ಹಲಗೆ ತೂಗುತ್ತದೆ. ಹಸುಗಳಿಗೆ ಮಾತ್ರ ವಾರದ ಲೆಕ್ಕವಿಲ್ಲವಾದ್ದರಿಂದ ಹಾಲು ಕರೆಯುವ ಕೆಲಸ ತಪ್ಪದು.

ಭಾನುವಾರ ಬೆಳಗ್ಗೆ ಎಂಟರ ವೇಳೆಗೆ ಗಾಡಿಗಳು ಒಂದೊಂದಾಗಿ ಅಂಗಳಕ್ಕೆ ಬರುತ್ತವೆ. ಮನೆಯ ಹುಡುಗರು ಕುದುರೆಗಳನ್ನು ಬಿಚ್ಚಿ ಮೇವಿನ ಕಡೆಗೆ ಒಯ್ಯುತ್ತಾರೆ. ಗಂಡಸರು ಒಬ್ಬರ ಕೈ ಒಬ್ಬರು ಹಿಡಿದು ವಂದಿಸಿ, ಗಂಡಸರ ಕಡೆಯ ಬೆಂಚುಗಳಲ್ಲೂ, ಹೆಂಗಸರು ತಮ್ಮ ಕಡೆಯ ಬೆಂಚುಗಳಲ್ಲೂ ಕೂರುತ್ತಾರೆ. ಆರಾಧನೆಗೂ ಸಭೆಗೂ ಇವರ ಆಡುಮಾತಿನಲ್ಲಿ ಒಂದೇ ಪದ: 'ಗ್ಮೇ'. ಎರಡನ್ನು ಬೇರೆಯಾಗಿ ಎಣಿಸುವ ಅಗತ್ಯವೇ ಅವರಿಗೆ ಬಿದ್ದಿಲ್ಲವೆಂದು ತೋರುತ್ತದೆ.

ಮೊದಲು ಹಾಡು. ವಾದ್ಯವಿಲ್ಲ, ಶ್ರುತಿಯಿಲ್ಲ, ಪುಸ್ತಕದಲ್ಲಿ ಸ್ವರಲಿಪಿಯೂ ಇಲ್ಲ. 'ಔಸ್‌ಬುಂಡ್' ಎಂಬ ಈ ಸಂಗ್ರಹ 1564ರಲ್ಲಿ ಮೊದಲು ಅಚ್ಚಾಯಿತು. ಅದರ ತಿರುಳಾದ ಹಾಡುಗಳನ್ನು ಕಟ್ಟಿದವರು 1535ರಿಂದ ಪಾಸೌ ಕೋಟೆಯ ಸೆರೆಯಲ್ಲಿ ಬಿದ್ದಿದ್ದ ವಿಶ್ವಾಸಿಗಳು. ಧಾಟಿಗಳು ಮಾತ್ರ ಅಜ್ಜನ ಬಾಯಿಂದ ಮೊಮ್ಮಗನ ಕಿವಿಗೆ ಇಳಿದು ಬಂದಂಥವು. ಒಬ್ಬ ಮೊದಲ ಅಕ್ಷರವನ್ನು ಏಕಾಂಗಿಯಾಗಿ ಎತ್ತುತ್ತಾನೆ. ಇಡೀ ಮನೆ ಅದನ್ನು ಹಿಡಿದು ನಿಧಾನವಾಗಿ, ಬಹು ನಿಧಾನವಾಗಿ ಎಳೆಯುತ್ತದೆ. ಎರಡನೆಯದಾಗಿ ಹಾಡುವ ಸ್ತುತಿಗೀತೆ ಎಲ್ಲ ಸಭೆಗಳಲ್ಲಿಯೂ ಒಂದೇ. ನಾಲ್ಕೇ ನುಡಿಗಳ ಆ ಹಾಡು ಮುಗಿಯಲು 20 ನಿಮಿಷ ಬೇಕು. ಅಷ್ಟರಲ್ಲಿ ಸಭಾಪಾಲಕರು ಮಾಳಿಗೆಯ ಕೋಣೆಯಲ್ಲಿ ಸೇರಿ ಅಂದು ಯಾರು ಉಪದೇಶಿಸಬೇಕೆಂದು ನಿಶ್ಚಯಿಸಿಕೊಳ್ಳುತ್ತಾರೆ.

ಆ ಪಾಲಕರನ್ನು ಆರಿಸುವ ಕ್ರಮವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸಭೆ ಸೂಚಿಸಿದ ಕೆಲವರ ಮುಂದೆ ಅಷ್ಟೇ ಸಂಖ್ಯೆಯ ಪುಸ್ತಕಗಳನ್ನಿಡುತ್ತಾರೆ. ಒಂದರೊಳಗೆ ಮಾತ್ರ ಒಂದು ಚೀಟಿ. ಅದು ಯಾರ ಕೈಗೆ ಬಂತೋ ಅವನು ಅಂದಿನಿಂದ ಜೀವನಪರ್ಯಂತ ಪಾಲಕ. ಸಂಬಳವಿಲ್ಲ, ವಿದ್ಯಾಪೀಠದ ಶಿಕ್ಷಣವಿಲ್ಲ. ಆ ಗಳಿಗೆಯಲ್ಲಿ ಚೀಟಿ ಬಂದವನೂ ಅವನ ಹೆಂಡತಿಯೂ ಕಣ್ಣೀರಿಡುವುದುಂಟು, ಸಂತೋಷದಿಂದಲ್ಲ, ಭಾರದಿಂದ. ಪದವಿಗಾಗಿ ಹೋರಾಡುವ ಜಗತ್ತಿಗೆ ಈ ಅಳು ವಿಚಿತ್ರವಾಗಿ ಕಂಡೀತು.

ಆರಾಧನೆ ಮೂರು ಗಂಟೆಗಳ ಕಾಲ ನಡೆಯುತ್ತದೆ. ಒಂದು ಸಣ್ಣ ಉಪದೇಶ, ಮಂಡಿಯೂರಿ ಮೌನಪ್ರಾರ್ಥನೆ, ವೇದಪಾಠ, ಬಳಿಕ ಒಂದು ಗಂಟೆಗೂ ಮೀರಿದ ದೊಡ್ಡ ಉಪದೇಶ. ವೇದದ ಭಾಷೆ ಲೂಥರನ ಜರ್ಮನ್. ಮಕ್ಕಳು ಮನೆಯಲ್ಲಾಡುವುದು ಅದರ ಹಳ್ಳಿಯ ತಂಗಿಯಂಥ ನುಡಿ. ಆದ್ದರಿಂದ ಎಳೆಯರಿಗೆ ಎಷ್ಟು ಅರ್ಥವಾದೀತೆಂಬುದು ಸಂದೇಹವೇ. ಆದರೂ ಮಕ್ಕಳನ್ನು ಹೊರಗೆ ಕಳುಹಿಸುವುದಿಲ್ಲ. ತಂದೆಯ ತೊಡೆಯ ಮೇಲೊಬ್ಬ, ಅಜ್ಜಿಯ ಮಡಿಲಲ್ಲೊಬ್ಬಳು, ಕರವಸ್ತ್ರವನ್ನು ಮಡಿಸಿ ಗೊಂಬೆ ಮಾಡಿಕೊಂಡವಳು ಮತ್ತೊಬ್ಬಳು. ನಡುವೆ ಒಂದು ತಟ್ಟೆ ಬೆಂಚಿನಿಂದ ಬೆಂಚಿಗೆ ಮೆಲ್ಲನೆ ಸಾಗಿ ಬರುತ್ತದೆ. ಅದರಲ್ಲಿ ಪುಟ್ಟವರಿಗೆಂದು ಬಿಸ್ಕತ್ತುಗಳು. ಉಪದೇಶದಲ್ಲಿ ಏನನ್ನು ಮರೆತರೂ ಆ ತಟ್ಟೆಯನ್ನು ಯಾವ ಮಗುವೂ ಮರೆಯಲಾರದು.

ಮುಗಿದೊಡನೆ ಆ ಬೆಂಚುಗಳೇ ಊಟದ ಮೇಜುಗಳಾಗುತ್ತವೆ. ಅಡುಗೆ ಎಲ್ಲ ಮನೆಗಳಲ್ಲೂ ಹೆಚ್ಚು ಕಡಮೆ ಒಂದೇ: ಬ್ರೆಡ್ಡು, ಸಿಹಿ ಬೆರೆಸಿದ ಕಡಲೆಕಾಯಿ ಬೆಣ್ಣೆ, ಮೆತ್ತನೆಯ ಚೀಸು, ಉಪ್ಪಿನಲ್ಲಿ ಹಾಕಿದ ಸೌತೆ, ಬೀಟ್‌ರೂಟು, ಒಣಸೇಬಿನ ಕಡುಬು, ಕಾಫಿ. ಒಬ್ಬರ ಮನೆಗಿಂತ ಇನ್ನೊಬ್ಬರದು ಹೆಚ್ಚೆಂಬ ಪೈಪೋಟಿಗೆ ಎಡೆಯಿರಬಾರದೆಂದೇ ಈ ಸರಳತೆ. ಹಿರಿಯರ ಪಂಕ್ತಿ ಮೊದಲು, ಮಕ್ಕಳದು ಅನಂತರ. ಆಮೇಲೆ ಮಧ್ಯಾಹ್ನವಿಡೀ ಹರಟೆ. ಹುಡುಗರು ಹುಲ್ಲಿನಟ್ಟದ ಮೇಲೇರಿ ಧುಮುಕುತ್ತಾರೆ; ಹುಡುಗಿಯರು ಹೊಸದಾಗಿ ಹುಟ್ಟಿದ ಕೂಸನ್ನು ಎತ್ತಿಕೊಳ್ಳಲು ಸರದಿ ನಿಲ್ಲುತ್ತಾರೆ. ಹೊರಗಿನ ರಸ್ತೆಯಲ್ಲಿ ಪ್ರವಾಸಿಗಳ ಮೋಟಾರು ನಿಂತು ಕ್ಯಾಮೆರಾ ಹೊರಬಂದರೆ ಟೋಪಿಯ ಅಂಚು ಕೆಳಗೆ ಬಾಗುತ್ತದೆ, ಏಕೆಂದರೆ ಮುಖದ ಚಿತ್ರವೆಂದರೆ ಇವರ ಪಾಲಿಗೆ ಅಹಂಕಾರದ ಬಿತ್ತು. ಸಚಿತ್ರ ಪತ್ರಿಕೆಗಳಿಗೆ ಇದು ಲಾಭದ ಊರಲ್ಲ!

ಆರಾಧನೆಯಿಲ್ಲದ ಭಾನುವಾರ ನಂಟರ, ಸ್ನೇಹಿತರ ಮನೆಗೆ ಹೋಗುವ ದಿನ. ಮುಂದಾಗಿ ತಿಳಿಸುವ ಪದ್ಧತಿ ಅಷ್ಟಾಗಿ ಇಲ್ಲ. ಅಂಗಳದಲ್ಲಿ ಗಾಡಿ ನಿಂತರೆ ಎಲೆ ಹೆಚ್ಚಾಯಿತೆಂದು ತಿಳಿಯಬೇಕು. ದೂರವಾಣಿ ಹೊಸದಾಗಿದ್ದಾಗ ಕೆಲವು ಮನೆಗಳಿಗೆ ಅದು ಬಂದದ್ದುಂಟು. ತಂತಿಯ ಮೇಲೆ ಚಾಡಿಮಾತು ಹರಿದು ಮನಸ್ಸು ಕೆಟ್ಟಿತೆಂದು 1910ರ ಸುಮಾರಿಗೆ ಹಿರಿಯರು ಅದನ್ನು ಮನೆಯಿಂದ ಹೊರಹಾಕಿದರು. ಇಂದು ಅದಕ್ಕೆ ಹೊಲದಂಚಿನಲ್ಲೊಂದು ಮರದ ಗೂಡುಂಟು: ಬೇಕಾದಾಗ ನಡೆದುಹೋಗಿ ಮಾತನಾಡಿ ಬರಬಹುದು, ಊಟದ ನಡುವೆ ಅದು ಕೂಗಲಾರದು. ಕುದುರೆಯ ವಿಚಾರದಲ್ಲಿಯೂ ಇದೇ ಲೆಕ್ಕ. ಗಂಟೆಗೆ ಎಂಟು ಹತ್ತು ಮೈಲಿ ಹೋಗುವ ಪ್ರಾಣಿಯನ್ನು ನಂಬಿದವನು ಮಗಳನ್ನು ಬಲು ದೂರಕ್ಕೆ ಕೊಡಲಾರ, ಅಣ್ಣತಮ್ಮಂದಿರಿಂದ ದೂರ ಮನೆ ಕಟ್ಟಲಾರ, ನೆರೆಯವನೊಡನೆ ಮುನಿದು ಬೇರೆ ಸಭೆಗೆ ಹೋಗಿ ಕೂರಲಾರ. ಅಜ್ಜ ಅಜ್ಜಿಯರ ಮನೆಯಂತೂ ಮಗನ ಮನೆಯ ಗೋಡೆಗೇ ಅಂಟಿಕೊಂಡಿರುತ್ತದೆ. ಮೋಟಾರಿನಲ್ಲಿ ಪಾಪವಿದೆಯೆಂದು ಇವರು ಹೇಳುವುದಿಲ್ಲ. ಅದು ಮನೆಯನ್ನು ಚದುರಿಸುತ್ತದೆಂದು ಹೇಳುತ್ತಾರೆ. ಮುನಿಸು ಒಳಗೇ ಕೊಳೆಯದಂತೆಯೂ ಒಂದು ಕಟ್ಟುಂಟು. ವರ್ಷಕ್ಕೆರಡು ಸಲ ಬರುವ ಕರ್ತನ ಭೋಜನಕ್ಕೆ ಮೊದಲು ಇಡೀ ಸಭೆ ಒಮ್ಮನಸ್ಸಾಗಬೇಕು. ಜಗಳ ತೀರದಿದ್ದರೆ ಭೋಜನವೇ ಮುಂದಕ್ಕೆ ಹೋಗುತ್ತದೆ.

ಆದರೆ ಬೇಲಿಯೆಂದ ಮೇಲೆ ಅದಕ್ಕೆ ಮುಳ್ಳೂ ಉಂಟು. ಒಂದೇ ಕೊಠಡಿಯ ಶಾಲೆಯಲ್ಲಿ ಎಂಟನೆಯ ತರಗತಿಗೆ ಓದು ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಓದಿಸಲೇಬೇಕೆಂದು ಸರ್ಕಾರಗಳು ಹಟ ಹಿಡಿದು ತಂದೆಯರನ್ನು ಸೆರೆಗೂ ಕಳುಹಿಸಿದವು. ಕೊನೆಗೆ 1972ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ವಿಸ್ಕಾನ್ಸಿನ್ ಸಂಸ್ಥಾನದ ಮೊಕದ್ದಮೆಯಲ್ಲಿ ಆಮಿಶರ ಪರವಾಗಿ ತೀರ್ಪಿತ್ತಿತು. ವೈದ್ಯಳಾಗುವ ಕನಸು ಕಂಡ ಹುಡುಗಿಗೆ ಈ ಗೆಲುವು ಏನನ್ನು ಕೊಟ್ಟಿತು? ದೀಕ್ಷೆಗೆ ಮೊದಲು ಹೊರಟವರಿಗೆ ತೌರಿನ ಬಾಗಿಲು ತೆರೆದಿರುತ್ತದೆ. ದೀಕ್ಷೆ ಪಡೆದು ಮಾತು ಮುರಿದವರಿಗಾದರೋ ಬಹಿಷ್ಕಾರ. ಹೆತ್ತ ತಾಯಿಯೂ ಅವರೊಡನೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಸ್ನೇಹವನ್ನು ಇಷ್ಟು ಗಾಢವಾಗಿ ಹೆಣೆದವರ ಕೈಯಲ್ಲಿ ಆ ಸ್ನೇಹವನ್ನು ಹಿಂತೆಗೆಯುವುದು ಎಂಥ ಕಠಿಣ ಶಿಕ್ಷೆ!

ಇಷ್ಟಾದರೂ ನೂರರಲ್ಲಿ 85ಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. 20ನೆಯ ಶತಮಾನದ ಆರಂಭದಲ್ಲಿ ಹತ್ತು ಸಾವಿರವೂ ಇರದಿದ್ದ ಜನ 2024ರ ವೇಳೆಗೆ 4 ಲಕ್ಷದ ಗಡಿ ಮುಟ್ಟಿದರು.

ಅವರ ಭಾನುವಾರಗಳಲ್ಲಿ ಕೂಡಿಟ್ಟದ್ದೇನೆಂಬುದು ಲೋಕಕ್ಕೆ ಕಂಡದ್ದು ಒಂದು ಸೋಮವಾರ, 2006ರ ಅಕ್ಟೋಬರ್ 2ರಂದು. ಈ ಜಿಲ್ಲೆಯ ನಿಕಲ್ ಮೈನ್ಸ್ ಎಂಬಲ್ಲಿಯ ಶಾಲೆಗೆ ನುಗ್ಗಿದ ಹೊರಗಿನವನೊಬ್ಬ ಹತ್ತು ಹುಡುಗಿಯರಿಗೆ ಗುಂಡಿಟ್ಟು ತಾನೂ ಸತ್ತ. ಐವರು ಹುಡುಗಿಯರು ತೀರಿಕೊಂಡರು. ಅಂದೇ ಸಂಜೆ ಆಮಿಶ್ ನೆರೆಯವರು ಕೊಲೆಗಾರನ ಹೆಂಡತಿಯ ಬಳಿಗೆ ಹೋಗಿ, ನಿಮ್ಮ ಮೇಲೆ ನಮಗೆ ದ್ವೇಷವಿಲ್ಲವೆಂದು ಹೇಳಿ ಬಂದರು. ಅವನ ಶವಸಂಸ್ಕಾರದಲ್ಲಿಯೂ ಅವರು ಅನೇಕರು ನಿಂತಿದ್ದರು. ಹತ್ತು ದಿನಗಳಲ್ಲಿ ಆ ಶಾಲೆಯನ್ನು ನೆಲಸಮ ಮಾಡಿದರು. 2007ರ ಏಪ್ರಿಲ್‌ನಲ್ಲಿ ಸಮೀಪದಲ್ಲೇ ಹೊಸ ಶಾಲೆ ತೆರೆಯಿತು. ಇಷ್ಟು ಬೇಗ ಕ್ಷಮೆ ಸಾಧ್ಯವೇ ಎಂದು ದೇಶದ ಪತ್ರಿಕೆಗಳು ಕೇಳಿದವು. ಕ್ಷಮೆ ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲವೆಂದು ಆ ತಂದೆತಾಯಿಗಳಿಗೂ ತಿಳಿದಿತ್ತು. ತಾನು ಕ್ಷಮಿಸದವನಿಗೆ ಕ್ಷಮೆಯಿಲ್ಲವೆಂದು ಎಳೆಯ ವಯಸ್ಸಿನಿಂದ ಪ್ರಾರ್ಥನೆಯಲ್ಲಿ ಕೇಳುತ್ತ ಬಂದವರು ಮೊದಲ ಹೆಜ್ಜೆಯನ್ನು ಎಲ್ಲಿಡಬೇಕೆಂದು ಮಾತ್ರ ಯಾರನ್ನೂ ಕೇಳಲಿಲ್ಲ.

ಭಾನುವಾರದ ರಾತ್ರಿ ಹದಿಹರೆಯದವರದು. ಹದಿನಾರು ತುಂಬಿದ ಹುಡುಗ ಹುಡುಗಿಯರು ಗೆಳೆಯರ ಗುಂಪನ್ನು ಆರಿಸಿಕೊಂಡು, ಸಂಜೆ ಒಂದು ಮನೆಯಲ್ಲಿ ಸೇರುತ್ತಾರೆ. ಉದ್ದನೆಯ ಮೇಜಿನ ಒಂದು ಕಡೆ ಹುಡುಗರು, ಎದುರಿಗೆ ಹುಡುಗಿಯರು. ಹಾಡುಗಳು ದೇವರವೇ, ಧಾಟಿಗಳು ಮಾತ್ರ ಬೆಳಗಿನವುಗಳಿಗಿಂತ ಚುರುಕು. ಈ ವರ್ಷಗಳಲ್ಲಿ ಅವರು ಇನ್ನೂ ಯಾವ ಮಾತನ್ನೂ ಕೊಟ್ಟವರಲ್ಲವಾದ್ದರಿಂದ ಕೆಲವರು ಸಿನಿಮಾ ನೋಡುತ್ತಾರೆ, ಕೆಲವರ ಜೇಬಿನಲ್ಲಿ ಮೊಬೈಲ್ ಇರುತ್ತದೆ. ಹೊಲದಂಚಿನ ಗೂಡಿನಲ್ಲಿ ಕೂರಿಸಲಾಗದ ದೂರವಾಣಿ ಅದು. ತಂದೆತಾಯಿಗಳು ನೋಡಿಯೂ ನೋಡದವರಂತಿರುತ್ತಾರೆ. ಹಾಡು ಮುಗಿದ ಮೇಲೆ ಹುಡುಗ ತನಗೆ ಮೆಚ್ಚಾದವಳನ್ನು ತೆರೆದ ಗಾಡಿಯಲ್ಲಿ ಕೂರಿಸಿಕೊಂಡು ಅವಳ ಮನೆಗೆ ಮುಟ್ಟಿಸಲು ಹೊರಡುತ್ತಾನೆ.

ಇತ್ತ ಆರಾಧನೆ ನಡೆದ ಮನೆಯಲ್ಲಿ ಬೆಂಚುಗಳೆಲ್ಲ ಬಂಡಿಯೇರಿವೆ. ಪುಸ್ತಕಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿದ್ದಾಗಿದೆ. ಚಿಕ್ಕವರು ಮಲಗಿದ್ದಾರೆ. ತಾಯಿಯೊಬ್ಬಳು ಅಡುಗೆಮನೆಯ ದೀಪವನ್ನು ಸಣ್ಣಗೆ ಮಾಡಿ ಕಿಟಕಿಯ ಬಳಿ ಕುಳಿತು, ರಸ್ತೆಯ ಕಡೆಯಿಂದ ಮನೆಯ ಕುದುರೆಯ ಗೊರಸಿನ ಸಪ್ಪಳ ಬರುವುದನ್ನು ಕಾಯುತ್ತಿದ್ದಾಳೆ.