ಕಾಲು, ಅರ್ಧ, ಮುಕ್ಕಾಲು

ಭಿನ್ನರಾಶಿ ಮಕ್ಕಳಿಗೆ ಕಷ್ಟ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಶಾಲೆಗೆ ಬರುವ ಎಂಟು ವರ್ಷದ ಹುಡುಗ ಅಂಗಡಿಗೆ ಹೋಗಿ ಕಾಲು ಕೆಜಿ ಸಕ್ಕರೆ, ಅರ್ಧ ಲೀಟರ್ ಹಾಲು ತರುತ್ತಾನೆ. ಬಸ್ಸು ಒಂಬತ್ತೂಮುಕ್ಕಾಲಿಗೆ ಬರುತ್ತದೆಂದು ಅವನಿಗೆ ಗೊತ್ತು. ಗೆಳೆಯನೊಂದಿಗೆ ಚಿಕ್ಕಿ ಹಂಚಿಕೊಳ್ಳುವಾಗ ಅರ್ಧವೆಂದರೆ ಅರ್ಧವೇ ಆಗಬೇಕು. ಒಂದು ಕಡಲೆಬೀಜ ಆಚೀಚೆ ಆದರೂ ನ್ಯಾಯ ನನ್ನ ಮೇಜಿಗೆ ಬರುತ್ತದೆ. ಅದೇ ಹುಡುಗ ಬೋರ್ಡಿನಲ್ಲಿ ಗೆರೆಯ ಮೇಲೊಂದು ಕೆಳಗೊಂದು ಅಂಕಿ ಕಂಡರೆ ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು ಎನ್ನುತ್ತಾನೆ. ಮೂರಕ್ಕಿಂತ ನಾಲ್ಕು ದೊಡ್ಡದು ಎಂದು ಒಂದನೇ ತರಗತಿಯಿಂದ ಹೇಳಿಕೊಟ್ಟವರು ನಾವೇ. ಹೇಳಿಕೊಟ್ಟದ್ದನ್ನು ಅವನು ಮರೆತಿಲ್ಲ, ಅಷ್ಟೇ.

ನನ್ನ ಅಜ್ಜಿ ಹೆಚ್ಚು ಓದಿದವರಲ್ಲ. ಆದರೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಅವರ ಬಾಯಲ್ಲಿದ್ದವು. ಅಕ್ಕಿ ಆರಿಸುತ್ತಾ ಹೇಳಿಕೊಳ್ಳುತ್ತಿದ್ದರು: ಒಂದು ಮುಕ್ಕಾಲು ಮುಕ್ಕಾಲು, ಎರಡು ಮುಕ್ಕಾಲು ಒಂದೂವರೆ, ಮೂರು ಮುಕ್ಕಾಲು ಎರಡೂಕಾಲು, ನಾಲ್ಕು ಮುಕ್ಕಾಲು ಮೂರು. ಇವತ್ತು ಆರನೇ ತರಗತಿಯ ಮಗುವಿಗೆ ಮುಕ್ಕಾಲನ್ನು ಮೂರರಿಂದ ಗುಣಿಸು ಎಂದರೆ ಪೆನ್ಸಿಲ್ ಹುಡುಕುತ್ತದೆ. ಅಜ್ಜಿಯ ಕಾಲದಲ್ಲಿ ರೂಪಾಯಿಗೆ ಹದಿನಾರಾಣೆ, ಸೇರಿಗೆ ನಾಲ್ಕು ಪಾವು. ಹದಿನಾರನ್ನು ಅರ್ಧ ಮಾಡುತ್ತಾ ಹೋಗಿ: ಎಂಟು, ನಾಲ್ಕು, ಎರಡು, ಒಂದು. ಎಲ್ಲೂ ಚೂರುಪಾರು ಉಳಿಯುವುದಿಲ್ಲ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆಯಾಯಿತು. ನೂರನ್ನು ಮೂರು ಸಲ ಅರ್ಧ ಮಾಡುವಷ್ಟರಲ್ಲಿ ಹನ್ನೆರಡೂವರೆಗೆ ಬಂದು ನಿಲ್ಲುತ್ತೇವೆ. ವ್ಯಾಪಾರಕ್ಕೆ, ಜಮಾಖರ್ಚಿಗೆ ದಶಮಾಂಶವೇ ಸಲೀಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಲು ಮಗ್ಗಿಗೆ ಕೆಲಸವಿಲ್ಲದಂತಾಯಿತು, ಪಠ್ಯದಿಂದಲೂ ಅದು ಮೆಲ್ಲಗೆ ಜಾರಿತು. ಆಮೇಲೂ 25 ಪೈಸೆಯನ್ನು ನಾವು ನಾಲ್ಕಾಣೆ ಎಂದೇ ಕರೆಯುತ್ತಿದ್ದೆವು. 2011ರ ಜೂನ್ ಕೊನೆಗೆ ಅದೂ ಚಲಾವಣೆಯಿಂದ ಹೋಯಿತು. ಕಾಲು ರೂಪಾಯಿಯನ್ನು ಕೈಯಲ್ಲಿ ಹಿಡಿದ ಮಗು ನನ್ನ ತರಗತಿಯಲ್ಲಿ ಒಂದೂ ಇಲ್ಲ.

ಹಾಗಾಗಿ ನಾನು ಕಾಲು ಮಗ್ಗಿಯನ್ನು ಮತ್ತೆ ಹೇಳಿಸುತ್ತೇನೆ. ಬಾಯಿಪಾಠ ಬೇಡ, ಅರ್ಥವಾಗಲಿ ಎನ್ನುವವರ ಕಳಕಳಿ ನನಗೆ ತಿಳಿಯುತ್ತದೆ. ಆದರೆ ಬೆಳಗಿನ ಹೊತ್ತು ಇಡೀ ತರಗತಿ ರಾಗವಾಗಿ ‘ಎರಡು ಕಾಲು ಅರ್ಧ’ ಎನ್ನುವಾಗ, ಅದೇ ದಿನ ಮಧ್ಯಾಹ್ನ ಚಪಾತಿಯನ್ನು ನಾಲ್ಕು ಮಾಡಿ ಎರಡು ತುಂಡನ್ನು ಜೋಡಿಸಿಟ್ಟಾಗ, ಅರ್ಥ ಎಲ್ಲಿಂದಲೋ ಬರಬೇಕಾಗಿಲ್ಲ. ಅಂಶ, ಛೇದ ಎಂದು ಬರೆಯುವುದು ಆಮೇಲೆ. ಬಹಳ ಆಮೇಲೆ ಆದರೂ ನಷ್ಟವಿಲ್ಲ ಎಂದು ನಾನು ನಂಬಿದ್ದೇನೆ.

ನಿಜವಾದ ತೊಡಕು ಬೇರೆ ಕಡೆ ಇದೆ. ಒಂದು ದಿನ ದಿನಪತ್ರಿಕೆಯ ದೊಡ್ಡ ಹಾಳೆಯನ್ನು ಎರಡು ಸಲ ಮಡಿಸಿ ಕಾಲುಭಾಗ ಹರಿದೆ, ನೋಟ್‌ಬುಕ್ಕಿನ ಹಾಳೆಯಲ್ಲಿ ಅರ್ಧ ಹರಿದೆ. ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂದು ಕೇಳಿದೆ. ಎಲ್ಲರೂ ಒಂದೇ ಉಸಿರಿಗೆ, ಅರ್ಧ! ಒಂದರ ಮೇಲೊಂದು ಇಟ್ಟು ತೋರಿಸಿದೆ. ಕಾಲು ಅರ್ಧವನ್ನು ಪೂರ್ತಿ ಮುಚ್ಚಿತು. ಗಲಾಟೆಯೋ ಗಲಾಟೆ. ಹಿಂದಿನ ಸಾಲಿನಲ್ಲಿ ಕೂರುವ ಹುಡುಗಿ, ಅವಳ ಅಮ್ಮ ದೇವಸ್ಥಾನದ ಮುಂದೆ ಹೂ ಮಾರುತ್ತಾರೆ, ಎದ್ದು ನಿಂತು ಕೇಳಿದಳು: “ಮೊಳದಲ್ಲಿ ಅರ್ಧಾನಾ, ಮಾರಲ್ಲಿ ಕಾಲಾ, ಮಿಸ್?” ನಾಲ್ಕು ಮೊಳ ಒಂದು ಮಾರು. ಮಾರಿನ ಕಾಲು ಪೂರ್ತಿ ಒಂದು ಮೊಳ, ಮೊಳದ ಅರ್ಧಕ್ಕೆ ಎರಡರಷ್ಟು. ಯಾವುದರಲ್ಲಿ ಕಾಲು ಎಂದು ಕೇಳದೆ ಅವಳ ಮನೆಯಲ್ಲಿ ಯಾರೂ ದಾರ ಕತ್ತರಿಸುವುದಿಲ್ಲ. ಪುಸ್ತಕದಲ್ಲಿ ಬಣ್ಣ ತುಂಬಲು ಕೊಡುವ ವೃತ್ತಗಳೆಲ್ಲ ಒಂದೇ ಅಳತೆಯವು. ಆ ಪ್ರಶ್ನೆ ಕೇಳುವ ಸಂದರ್ಭವೇ ಅಲ್ಲಿ ಬರುವುದಿಲ್ಲ.

ಅರ್ಧ, ಕಾಲು, ಅರೆಕಾಲಿನವರೆಗೆ ಮಡಿಸುವುದು ಸುಗಮ. ಮೂರು ಬಂದಾಗ ಕೈ ತಡವರಿಸುತ್ತದೆ. ಕಾಗದದ ಪಟ್ಟಿಯನ್ನು ಮೂರು ಸಮಭಾಗ ಮಾಡಿ ಎಂದರೆ ಬಹಳಷ್ಟು ಮಕ್ಕಳು ರೂಢಿಯಂತೆ ಅರ್ಧ ಮಡಿಸಿ, ಮತ್ತೆ ಅರ್ಧ ಮಡಿಸಿ, ನಾಲ್ಕನೆಯದನ್ನು ಹರಿದು ಬಿಸಾಡಿ, “ಮೂರಾಯ್ತು ಮಿಸ್” ಎನ್ನುತ್ತಾರೆ. ತುಂಡುಗಳು ಸಮವೇ, ಮೂರೇ. ಆದರೆ ಇಡೀ ಪಟ್ಟಿ ಎಲ್ಲಿ ಹೋಯಿತು? ಪಟ್ಟಿಯನ್ನು ಸಡಿಲವಾಗಿ ಸುತ್ತಿ, ಮೂರು ಪದರದ ಅಂಚು ಕೂಡುವವರೆಗೆ ಸರಿಸಿ, ಆಮೇಲೆ ಉಗುರಿನಿಂದ ಒತ್ತಬೇಕು. ಇದಕ್ಕೆ ಒಂದು ಪೀರಿಯಡ್ ಹಿಡಿದರೂ ನಾನು ಅವಸರ ಮಾಡುವುದಿಲ್ಲ.

ಹೀಗೆ ಮಾಡಿದ ಪಟ್ಟಿಗಳಿಂದಲೇ ಕೂಡುವ ಲೆಕ್ಕ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆಯುವುದು ಎಲ್ಲ ಶಾಲೆಗಳಲ್ಲೂ ಕಾಣುವ ಉತ್ತರ: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನಾನು ಅದನ್ನು ಹೊಡೆದು ಹಾಕುವುದಿಲ್ಲ. ಅಷ್ಟೇ ಉದ್ದದ ಇನ್ನೊಂದು ಪಟ್ಟಿಯಲ್ಲಿ ಐದನೇ ಎರಡನ್ನು ಕತ್ತರಿಸಿ, ಅರ್ಧದ ಪಕ್ಕದಲ್ಲಿಡಲು ಹೇಳುತ್ತೇನೆ. ಅದು ಅರ್ಧಕ್ಕಿಂತ ಗಿಡ್ಡ. ಕೂಡಿಸಿದ ಮೇಲೆ ಕಡಿಮೆಯಾಗುವುದು ಹೇಗೆ ಎಂದು ಅವರೇ ಜಗಳಕ್ಕಿಳಿಯುತ್ತಾರೆ.

ಈ ಜಗಳದ ಹೊತ್ತಿಗೇ ಮಹಾವೀರಾಚಾರ್ಯರು ಬೇಕಾಗುವುದು. ಕ್ರಿ.ಶ. 850ರ ಸುಮಾರಿಗೆ, ನಮ್ಮ ನೃಪತುಂಗನ ಆಳ್ವಿಕೆಯಲ್ಲಿ, ಅವರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು; ಆರಂಭದಲ್ಲೇ ಆ ಅರಸನನ್ನು ಕೊಂಡಾಡಿದ್ದಾರೆ. ಭಿನ್ನರಾಶಿಗಾಗಿ ಅದರಲ್ಲಿ ಕಲಾಸವರ್ಣ ಎಂಬ ಅಧ್ಯಾಯವೇ ಇದೆ. ಅಂಶದಲ್ಲಿ ಒಂದೇ ಇರುವ ಭಿನ್ನರಾಶಿಗಳನ್ನು ಕೂಡಿಸಿ ಪೂರ್ತಿ ಒಂದನ್ನು ಕಟ್ಟುವ ಬಗೆಯನ್ನು ಅವರು ಹೇಳಿಕೊಟ್ಟಿದ್ದಾರೆ. ಮೂರು ತುಂಡು ಸಾಕಾದರೆ ಅರ್ಧ, ಮೂರನೇ ಒಂದು, ಆರನೇ ಒಂದು. ನಾಲ್ಕು ಬೇಕಾದರೆ ಅರ್ಧ, ಮೂರನೇ ಒಂದು, ಒಂಬತ್ತನೇ ಒಂದು, ಹದಿನೆಂಟನೇ ಒಂದು. ಮಳಖೇಡದ ಅರಸರ ಕಾಲದ ಈ ಲೆಕ್ಕ ಐದನೇ ತರಗತಿಗೆ ಹೇಳಿ ಮಾಡಿಸಿದಂತಿದೆ.

ಮೂರು ತುಂಡಿನದು ಚೆನ್ನಾಗಿ ಕೂಡಿತು. ನಾಲ್ಕು ತುಂಡಿನದಕ್ಕೆ ಹದಿನೆಂಟು ಭಾಗ ಮಡಿಸಲು ಹೋಗಿ ಕಾಗದವೆಲ್ಲ ಮುದ್ದೆಯಾಯಿತು. ಕೂಡಿಸಿದರೆ ಒಬ್ಬರದು ಗಿಡ್ಡ, ಒಬ್ಬರದು ಉದ್ದ. ತಪ್ಪು ಕತ್ತರಿಯದೋ ಲೆಕ್ಕದ್ದೋ ಎಂದು ಎರಡು ಪಂಗಡವಾದವು. ಅಷ್ಟರಲ್ಲಿ ಕಿಟಕಿ ಪಕ್ಕದ ಹುಡುಗ ಮಡಿಸುವುದನ್ನೇ ಬಿಟ್ಟು, ಲೆಕ್ಕದ ನೋಟ್‌ಬುಕ್ಕಿನ ಚೌಕಗಳ ಮೇಲೆ ಬೆರಳಿಟ್ಟು ಎಣಿಸತೊಡಗಿದ್ದ. ಮೊದಲು ಹನ್ನೆರಡು ಚೌಕದ ಪಟ್ಟಿ. ಒಂಬತ್ತನೇ ಒಂದು ಬರಲಿಲ್ಲ, ಅಳಿಸಿದ. ಆಮೇಲೆ ಹದಿನೆಂಟು ಚೌಕದ್ದು. ಅದರೊಳಗೆ ಒಂಬತ್ತು, ಆರು, ಎರಡು, ಒಂದು ಎಂದು ಬಣ್ಣ ತುಂಬಿ ತಂದು ನನ್ನ ಮೇಜಿನ ಮೇಲಿಟ್ಟ. ಲ.ಸಾ.ಅ. ಪಾಠಕ್ಕೆ ನಾವಿನ್ನೂ ಬಂದೇ ಇರಲಿಲ್ಲ.